ಆಸಿಯಮ್ಮನ ಅಂಗಳದಲ್ಲಿ ತಗ್ಗದ ಗಾಡಿ

ಪತ್ರೊಡೆಗೆಂದು ಕೆಸುವಿನ ಎಲೆಯನ್ನು ಮಣೆಯ ಮೇಲೆ ಕವುಚಿ ಹಾಸಿ ಹಿಟ್ಟು ಸವರುತ್ತಿದ್ದೆ. ಎರಡು ಸುರುಳಿ ಆಗಿತ್ತು. ಮೂರನೆಯದಕ್ಕೆ ಎಲೆ ಜೋಡಿಸುವಾಗ ಕಿಟಕಿಯ ದಂಡೆಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಕೈ ತುಂಬ ಹಿಟ್ಟು. ಕಿರುಬೆರಳಿನಿಂದ ಒತ್ತಿ, ಅದರ ಮೇಲೆಯೇ ಬಗ್ಗಿ "ಯಾರು?" ಎಂದೆ.

"ಗಿರಿಜಕ್ಕ, ನಾನು ರುಬೀನಾ. ಗಾಡಿ ಇವತ್ತೂ ತಗ್ಗಲಿಲ್ಲ."

"ಮಾಮಿ ಎಲ್ಲಿದ್ದಾರೆ?"

"ಒಳಗೆ ಹೋಗಿ ಬುರ್ಖಾ ತೆಗೆದಿಟ್ಟರು. ಇನ್ನು ನನ್ನನ್ನು ಆಸ್ಪತ್ರೆಗೆ ಯಾರೂ ಕರೆಯುವುದು ಬೇಡ ಅಂತ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಕಳೆದ ಸಲದ ಡಯಾಲಿಸಿಸ್ಸೂ ತಪ್ಪಿದೆ ಅಕ್ಕ. ಮುಖ ಊದಿಕೊಂಡಿದೆ. ಮೂಡುಬಿದಿರೆಯ ಆಸ್ಪತ್ರೆಗೆ ಫೋನು ಮಾಡಿದೆ, ಮಧ್ಯಾಹ್ನದ ಮೇಲೆ ಆದರೂ ಕರಕೊಂಡು ಬನ್ನಿ ಅಂತ ಹೇಳಿದರು. ಹೇಗೆ ಕರಕೊಂಡು ಹೋಗುವುದು?"

ರುಬೀನಾ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ, ಕೈ ತೊಳೆದು, ದೇವರ ಕೋಣೆಯ ಎದುರು ಒಂದು ಕ್ಷಣ ನಿಂತೆ. ಆಮೇಲೆ ಹಿತ್ತಿಲ ಬಾಗಿಲಿನಿಂದ ಗ್ಯಾರೇಜಿಗೆ ಹೋದೆ. ನಮ್ಮವರು ಯಾವುದೋ ಗಾಡಿಯ ಚಕ್ರ ಬಿಚ್ಚುತ್ತಿದ್ದರು.

"ಆಸಿಯಮ್ಮನ ಗಾಡಿ ಪುನಃ ತಗ್ಗಲಿಲ್ಲವಂತೆ."

ಅವರು ಕೈಯಲ್ಲಿದ್ದ ಸ್ಪಾನರನ್ನು ಕೆಳಗೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಅವರಿಗೆ ತುಂಬ ಬೇಸರವಾದಾಗ ಹಾಗೆ ಮೆಲ್ಲಗೆ ಇಡುತ್ತಾರೆ. "ಇನ್ನು ಅದರಲ್ಲಿ ನೋಡುವುದಕ್ಕೆ ಎಂತ ಉಳಿದಿದೆ ಮಾರಾಯ್ತಿ?" ಎಂದರು.

"ಈ ಸಲ ನಾನೂ ಬರ್ತೇನೆ" ಎಂದೆ.

ಮುಂದಿನದನ್ನು ಹೇಳುವ ಮೊದಲು ನಮ್ಮ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು. ಮಡಂತ್ಯಾರಿನ ನಮ್ಮ ಮನೆಗೆ ತಾಗಿರುವ ಗ್ಯಾರೇಜನ್ನು ಈಗ ನಡೆಸುವವಳು ನಮ್ಮ ಮಗಳು. ಬೆನ್ನು ಬಗ್ಗದೆ ಆದ ಮೇಲೆ ನಾನು ಅಲ್ಲಿಂದ ಬಿಡುವು ಪಡೆದೆ. "ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನೀನು ನೋಡಿದ್ದನ್ನು ಬರೆದುಕೊಡು ಅಮ್ಮ, ಟ್ಯಾಬಿನಲ್ಲಿ ಇಲ್ಲದ್ದನ್ನು ಬರಿ" ಎಂದು ಅವಳು ಹೇಳಿದ ಕಾರಣ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಹೈಸ್ಕೂಲಿನವರೆಗೆ. ಮದುವೆಯಾಗಿ ಬಂದ ಮೇಲೆ ಅಡುಗೆ, ಮಕ್ಕಳು, ಅತ್ತೆಯವರ ಮದ್ದು, ಸಂಜೆಯ ದೀಪ, ಇಷ್ಟೇ ನನ್ನ ಲೋಕ. ನಮ್ಮವರು ಗಲ್ಫಿನಲ್ಲಿ ದೊಡ್ಡ ದೊಡ್ಡ ಗಾಡಿಗಳ ವರ್ಕ್‌ಶಾಪಿನಲ್ಲಿದ್ದರು. ಅಲ್ಲಿನ ಸದ್ದಿಗೆ ಅವರ ಒಂದು ಕಿವಿ ಪೂರ್ತಿ ಹೋಯಿತು, ಇನ್ನೊಂದು ಅರ್ಧ. ಊರಿಗೆ ಬಂದು ಗ್ಯಾರೇಜು ಹಾಕಿದ ಮೇಲೆ ಗೊತ್ತಾಯಿತು, ಅವರ ಕೈಗೆ ಬರುವ ಕೆಲಸಕ್ಕೆ ಬೇಕಾದದ್ದೇ ಕಿವಿ ಎಂದು.

ಯಾಕೆಂದರೆ ನಮ್ಮಲ್ಲಿಗೆ ರಿಪೇರಿಗೆ ಬರುವ ಈ ದೊಡ್ಡ ಗಾಡಿಗಳು ನಿಲ್ಲುವುದು ಗಾಳಿಯ ಮೇಲೆ. ಸಾಮಾನ್ಯ ಕಾರಿನಲ್ಲಿ ಕಬ್ಬಿಣದ ಸ್ಪ್ರಿಂಗ್ ಇರುವ ಜಾಗದಲ್ಲಿ ಇವುಗಳಿಗೆ ಒಂದೊಂದು ಚಕ್ರಕ್ಕೆ ಒಂದೊಂದು ರಬ್ಬರಿನ ಗಾಳಿಚೀಲ ಇರುತ್ತದೆ. ಕಂಪ್ರೆಸರು ಗಾಳಿ ತುಂಬಿಸುತ್ತದೆ, ವಾಲ್ವುಗಳು ಯಾವ ಚೀಲಕ್ಕೆ ಎಷ್ಟು ಬೇಕೋ ಅಷ್ಟು ಬಿಡುತ್ತವೆ. ಪ್ರತಿ ಚಕ್ರದ ಹತ್ತಿರ ಒಂದು ಸಣ್ಣ ಸೆನ್ಸರು ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾ ಇರುತ್ತದೆ. ಕೆಟ್ಟ ರಸ್ತೆ ಬಂದರೆ ಗುಂಡಿ ಒತ್ತಿ ಗಾಡಿಯನ್ನು ಎತ್ತಬಹುದು. ವಯಸ್ಸಾದವರು ಹತ್ತುವುದಿದ್ದರೆ ತಗ್ಗಿಸಬಹುದು. ಮೊದಲ ಸಲ ನಮ್ಮ ಅಂಗಳದಲ್ಲಿ ಅಂಥ ಗಾಡಿ ಉಸಿರು ಬಿಟ್ಟು ಕೆಳಗೆ ಇಳಿದದ್ದನ್ನು ನೋಡಿ ನಾನು ಕೈಯಲ್ಲಿದ್ದ ಚಾದ ಲೋಟವನ್ನು ಹಾಗೆಯೇ ಹಿಡಿದುಕೊಂಡು ನಿಂತುಬಿಟ್ಟಿದ್ದೆ. ಆನೆ ಮಾವುತನಿಗೆ ಕಾಲು ಮಡಚಿ ಕೊಟ್ಟ ಹಾಗೆ. ಅಷ್ಟು ಭಾರದ ಕಬ್ಬಿಣ, ಒಳಗೆ ಇರುವುದು ನಾವು ಉಸಿರಾಡುವ ಗಾಳಿಯೇ. ದೇವರು ಎಲ್ಲರಿಗೂ ಪುಕ್ಕಟೆ ಕೊಟ್ಟದ್ದು.

ಚೀಲಕ್ಕೆ ಕೂದಲೆಳೆಯಷ್ಟು ಬಿರುಕು ಬಂದರೂ ಗಾಡಿ ಒಂದು ಮೂಲೆಗೆ ಕುಸಿಯುತ್ತದೆ. ಆ ಬಿರುಕಿನ ಸದ್ದು ನಮ್ಮವರಿಗೆ ಕೇಳುತ್ತಿರಲಿಲ್ಲ. ಒಂದು ದಿನ ಚಾ ಕೊಡಲು ಹೋದವಳು, "ಆಚೆ ಹಿಂದಿನ ಚಕ್ರದ ಹತ್ತಿರ ಎಂತದೋ ಸುಯ್ ಅಂತ ಇದೆಯಲ್ಲ, ಹಾವಾ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಅಂಟುವಾಳದ ನೊರೆ ತಂದು ಬ್ರಷ್ಷಿನಿಂದ ಅಲ್ಲಿಗೆ ಹಚ್ಚಿದರು. ನೊರೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅಂದಿನಿಂದ ನಾನು ಅವರ ಕಿವಿ. ಬೆಳಗ್ಗಿನ ತಿಂಡಿ ಮುಗಿಸಿ, ಸೆರಗು ಸಿಕ್ಕಿಸಿ, ಒಂದೊಂದು ಚಕ್ರದ ಹತ್ತಿರ ಕುಕ್ಕುರುಗಾಲಿನಲ್ಲಿ ಕುಳಿತು ಕಣ್ಣು ಮುಚ್ಚಿ ಕೇಳುವುದು ನನ್ನ ಕೆಲಸ. "ಗ್ಯಾರೇಜಿನಲ್ಲಿ ಧ್ಯಾನ ಮಾಡುವ ಹೆಂಗಸು" ಎಂದು ಎದುರಿನ ಹೋಟೆಲಿನವರು ತಮಾಷೆ ಮಾಡುತ್ತಿದ್ದರು. ಮಾಡಲಿ. ಕೇಳಿ ಕೇಳಿ ನನಗೆ ಬೇರೆ ಬೇರೆ ಸದ್ದು ಗುರುತಾಯಿತು. ಚೀಲ ಸೋರುವುದು ಸುಯ್ ಎಂದು ಎಳೆದ ಸದ್ದು. ಪೈಪಿನ ಜೋಡಣೆ ಸೋರುವುದು ಚುರುಕಾಗಿ ಚಿಟಿಚಿಟಿ. ಕಂಪ್ರೆಸರು ಸೋಲುವಾಗ ಏದುಸಿರು ಬಿಡುವ ಮುದುಕರ ಹಾಗೆ. ಎಲ್ಲ ಸರಿ ಇದ್ದು ಗಾಡಿ ತಗ್ಗುವಾಗ ಬರುವುದು ಒಂದು ದೀರ್ಘ, ಸಮಾಧಾನದ ಉಸಿರು. ಎಷ್ಟೋ ವರ್ಷ ಕೇಳಿದ್ದೇನೆ, ಪ್ರತಿ ಸಲವೂ ಕೈ ಮುಗಿಯುವ ಎನ್ನಿಸುತ್ತದೆ.

ಈಗಿನವರು ಮೊದಲು ಟ್ಯಾಬು ಸಿಕ್ಕಿಸುತ್ತಾರೆ. ಒಳ್ಳೆಯದೇ. ಅದು ಗಾಡಿಯ ಒಳಗಿನ ಕಂಪ್ಯೂಟರಿನ ಹತ್ತಿರ ಮಾತಾಡಿ ಕಾಯಿಲೆಯ ಹೆಸರು ಹೇಳುತ್ತದೆ. ಆದರೆ ಕಂಪ್ರೆಸರು ತುಂಬ ಹೊತ್ತು ಓಡಿ ಬಿಸಿಯಾಗಿದೆ ಎಂದು ಅದು ಹೇಳಿದ ಕೂಡಲೇ ಹೊಸ ಕಂಪ್ರೆಸರು ಹಾಕಬೇಡಿ. ಬಂಟ್ವಾಳದ ಕಡೆಯ ಒಂದು ಗಾಡಿಗೆ ಬೇರೆ ಎಲ್ಲಿಯೋ ಹಾಗೆ ಎರಡು ಸಲ ಹೊಸತು ಹಾಕಿ, ಎರಡೂ ಸುಟ್ಟು, ಆಮೇಲೆ ನಮ್ಮಲ್ಲಿಗೆ ಬಂತು. ಪಾಪದ ಕಂಪ್ರೆಸರು ಎಂತ ಮಾಡುತ್ತದೆ? ಸೋರುವ ಕೊಡಕ್ಕೆ ನೀರು ತುಂಬಿಸಲು ನಿಲ್ಲಿಸಿದರೆ ಯಾರಾದರೂ ಸೋಲಲೇಬೇಕು. ಇಲಿ ಕಚ್ಚಿದ ಒಂದು ಪೈಪು, ಅಷ್ಟೇ ಇದ್ದದ್ದು.

ನಮ್ಮ ತಪ್ಪಿನ ಕಥೆಯನ್ನೂ ಹೇಳಬೇಕು, ಹೊಸಬರಿಗೆ ಅದರಿಂದಲೇ ಹೆಚ್ಚು ಉಪಯೋಗ. ಚೀಲವೋ ಸೆನ್ಸರೋ ಬದಲಿಸಿದ ಮೇಲೆ ಗಾಡಿಗೆ ಅದರ ಸರಿಯಾದ ಎತ್ತರವನ್ನು ಕಲಿಸಬೇಕು. ನಾಲ್ಕೂ ಚಕ್ರಕ್ಕೆ ಒಂದೇ ಗಾಳಿ, ಒಳಗೆ ಯಾರೂ ಇಲ್ಲ, ಬಾಗಿಲೆಲ್ಲ ಮುಚ್ಚಿದೆ ಎಂದು ನೋಡಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪು ಹಿಡಿದು ಅಳೆದು, ಆ ಲೆಕ್ಕವನ್ನು ಟ್ಯಾಬಿಗೆ ಹಾಕುವುದು. ಟೇಪು ಹಿಡಿಯುವುದು ನಾನು, ಟ್ಯಾಬು ಅವರದು. ಮೊದಮೊದಲು ನಾವು ಅಳೆದು ಕೊಟ್ಟ ಗಾಡಿಗಳು ರಸ್ತೆಗೆ ಹೋಗಿ ಸೊಟ್ಟ ನಿಲ್ಲುತ್ತಿದ್ದವು. ಒಂದು ಮೂಲೆ ಮೇಲೆ, ಇನ್ನೊಂದು ಕೆಳಗೆ. ನಮ್ಮಲ್ಲಿಗೆ ಪುನಃ ಬಂದರೆ ಮಾತ್ರ ನೆಟ್ಟಗೆ! ನಾನು ಒಂದು ಶನಿವಾರ ಗ್ಯಾರೇಜಿನ ನೆಲ ತೊಳೆಯುವಾಗ ನೀರು ಎಲ್ಲ ಒಂದೇ ಮೂಲೆಗೆ ಓಡಿತು. ಮೇಸ್ತ್ರಿಯನ್ನು ಕರೆಸಿದೆವು.

"ನೆಲ ಸಪಾಟು ಇಲ್ಲವಲ್ಲ ಮೇಸ್ತ್ರಿಯವರೇ" ಎಂದರು ನಮ್ಮವರು.

"ಸಪಾಟು ಹಾಕಿದರೆ ಮಳೆ ನೀರು ಎಲ್ಲಿಗೆ ಹೋಗಬೇಕು? ನಿಮ್ಮ ಅಡುಗೆಮನೆಗಾ?" ಎಂದು ಅವರು ಮರುಪ್ರಶ್ನೆ ಹಾಕಿದರು. "ಈ ಊರಿನಲ್ಲಿ ನಾನು ಹಾಕಿದ ಒಂದು ಅಂಗಳದಲ್ಲಿ ನೀರು ನಿಂತದ್ದು ತೋರಿಸಿ ನೋಡುವ!"

ಅವರದ್ದೂ ಸರಿಯೇ. ನಮ್ಮ ಕಡೆ ಅಂಗಳ ಎಂದರೆ ನೀರು ಹರಿದುಹೋಗುವ ಹಾಗೆ ಒಂದು ಮೂಲೆಗೆ ವಾಟ ಕೊಟ್ಟೇ ಹಾಕುವುದು. ಆ ಮೂಲೆಯ ಮೇಲೆ ನಿಂತ ಚಕ್ರಕ್ಕೆ ಸರಿಯಾಗಿ ನಾವು ಗಾಡಿಗೆ ಪಾಠ ಹೇಳಿದ್ದೆವು. ಆಮೇಲೆ ಉದ್ದದ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡಿ, ಒಂದು ಗಾಡಿ ನಿಲ್ಲುವಷ್ಟು ಜಾಗವನ್ನು ಮಾತ್ರ ಸಪಾಟು ಮಾಡಿಸಿದೆವು. ಮೇಸ್ತ್ರಿಯವರು ಮನಸ್ಸಿಲ್ಲದೆ ಮಾಡಿಕೊಟ್ಟರು. ಮಳೆಗಾಲದಲ್ಲಿ ಅಲ್ಲಿ ನಿಲ್ಲುವ ನೀರನ್ನು ಗುಡಿಸಿ ಹೊರಗೆ ಹಾಕುವ ಕೆಲಸ ನನಗೆ ಬಂತು.

ಇನ್ನೊಂದು ಮಾತು, ನೆನಪಿರುವಾಗಲೇ ಹೇಳುತ್ತೇನೆ. ಎಷ್ಟೇ ಸಣ್ಣ ಕೆಲಸವಾದರೂ ಗಾಳಿಯನ್ನು ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಕಬ್ಬಿಣದ ಸ್ಟ್ಯಾಂಡು ಕೊಟ್ಟೇ ಹೋಗಿ. ಗಲ್ಫಿನಲ್ಲಿ ನಮ್ಮವರ ಫೋರ್‌ಮನ್ ಒಬ್ಬರು ಮಲಯಾಳಿ, ಬಹಳ ಗಟ್ಟಿ ಮನುಷ್ಯ. ಹೊಸಬರಿಗೆ ಸ್ಪಾನರು ಕೊಡುತ್ತಿರಲಿಲ್ಲವಂತೆ. "ಮೊದಲು ಕೈ ಹಿಂದೆ ಕಟ್ಟಿ ಗಾಡಿಯ ಸುತ್ತ ನಡಿ, ಅದು ಹೇಗೆ ನಿಂತಿದೆ ನೋಡು" ಎನ್ನುತ್ತಿದ್ದರಂತೆ. ಆ ಮಾತನ್ನು ನಮ್ಮವರು ನನಗೆ ಎಷ್ಟು ಸಲ ಹೇಳಿದ್ದಾರೋ. ಆಸಿಯಮ್ಮನ ಅಂಗಳದಲ್ಲಿ ಅದು ನಮಗೇ ಮರೆತುಹೋಗಿತ್ತು.

ಆಸಿಯಮ್ಮನ ಮನೆ ಗುರುವಾಯನಕೆರೆಯಿಂದ ಆಚೆ ಗುಡ್ಡದ ಮೇಲೆ. ಡಾಮರು ರಸ್ತೆ ಬಿಟ್ಟ ಮೇಲೆ ಮಳೆಗಾಲದಲ್ಲಿ ಕೊರೆದುಹೋದ ಮಣ್ಣಿನ ಏರು. ಅವರಿಗೆ ಎರಡೂ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಮೊಣಗಂಟು ಮಡಚುವುದಿಲ್ಲ. ರಿಕ್ಷಾದ ಕುಲುಕಾಟ ಬೆನ್ನಿಗೆ ಆಗುವುದಿಲ್ಲ. ಸಣ್ಣ ಕಾರು ಆ ಏರಿನಲ್ಲಿ ಹೊಟ್ಟೆ ಉಜ್ಜುತ್ತದೆ, ದೊಡ್ಡ ಗಾಡಿಗೆ ಅವರಿಗೆ ಹತ್ತಲಾಗುವುದಿಲ್ಲ. ಗಲ್ಫಿನಲ್ಲಿರುವ ಮಗ ಯೋಚನೆ ಮಾಡಿಯೇ ಈ ಗಾಡಿಯನ್ನು ಹಳೆಯದಾಗಿ ಕೊಂಡದ್ದು. ಏರಿನಲ್ಲಿ ಎತ್ತಿಕೊಂಡು ಹೋಗುತ್ತದೆ, ಮನೆ ಬಾಗಿಲಿನಲ್ಲಿ ತಗ್ಗಿ ನಿಲ್ಲುತ್ತದೆ ಎಂದು. ರಜೆ ಇದ್ದಷ್ಟು ದಿನ ತಾನೇ ಓಡಿಸಿ ತಾಯಿಯನ್ನು ಕರೆದುಕೊಂಡು ಹೋದ. ಅವನು ಹೋದ ಮೇಲೆ ಲಾರೆನ್ಸ್ ಎಂಬ ಡ್ರೈವರು ಬಂದರು. ಮಧ್ಯವಯಸ್ಸಿನವರು, ಬಹಳ ಮರ್ಯಾದಸ್ತ.

ಗಾಡಿ ನಮ್ಮಲ್ಲಿಗೆ ಬಂದಾಗ ನಿಜವಾಗಿಯೂ ಕಾಯಿಲೆ ಇತ್ತು. ಬೆಳಗಾಗುವಾಗ ಹಿಂದಿನ ಎಡಮೂಲೆ ಕುಸಿದಿರುತ್ತಿತ್ತು. ನಾನು ಕೇಳಿದೆ, ಚೀಲದ ಮಡಿಕೆಯಲ್ಲಿ ಸುಯ್ ಎನ್ನುವ ಸದ್ದು. ಚೀಲ ಬದಲಿಸಿದೆವು. ನಮ್ಮ ಕರಾವಳಿಯ ತೇವಕ್ಕೆ ಗಾಳಿ ಒಣಗಿಸುವ ಡಬ್ಬಿಯೂ ನೆನೆದು ಹೋಗಿತ್ತು, ಅದನ್ನೂ ಹಾಕಿದೆವು. ಸಪಾಟು ನೆಲದಲ್ಲಿ ನಿಲ್ಲಿಸಿ ಅಳೆದೆವು. ಗುಂಡಿ ಒತ್ತಿದರೆ ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ಟ್ಯಾಬು ಏನೂ ತೊಂದರೆ ಇಲ್ಲ ಎಂದಿತು. ಲಾರೆನ್ಸ್ ಶಿಲುಬೆಯ ಗುರುತು ಹಾಕಿಕೊಂಡು ಗಾಡಿ ತೆಗೆದುಕೊಂಡು ಹೋದರು.

ಮನೆಯಲ್ಲಿ ತಗ್ಗಲಿಲ್ಲ. ಆ ದಿನ ಮರದ ಸ್ಟೂಲು ಇಟ್ಟು ಹತ್ತಲು ನೋಡಿದರಂತೆ, ಸ್ಟೂಲು ಜಾರಿ ಆಸಿಯಮ್ಮ ಕುಸಿದು ಕುಳಿತರಂತೆ. ಮೂಳೆ ಮುರಿಯಲಿಲ್ಲ, ಅದು ದೇವರ ದಯೆ. ಆದರೆ ಹೆದರಿಕೆ ಒಳಗೆ ಕುಳಿತಿತು. ಸೊಸೆ ರುಬೀನಾ ತುಂಬು ಬಸುರಿ, ಅವಳಿಂದ ಎತ್ತಲಾಗುವುದಿಲ್ಲ. ಲಾರೆನ್ಸ್ ಎತ್ತಿ ಕೂರಿಸಬಹುದಿತ್ತು. ಆಸಿಯಮ್ಮ ಒಪ್ಪಲಿಲ್ಲ. ಇಷ್ಟು ವಯಸ್ಸಿನವರೆಗೆ ಅನ್ಯ ಗಂಡಸಿನ ಕೈ ಮೈಗೆ ತಾಗಿಸಿಕೊಳ್ಳದವರು ಅವರು. ಇದನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರಲಿಲ್ಲ. ನಮ್ಮ ಅತ್ತೆಯವರೂ ಕೊನೆಗಾಲದಲ್ಲಿ ಮೀಯಿಸಲು ನನ್ನನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಬರಲು ಬಿಡುತ್ತಿರಲಿಲ್ಲ.

ನಮ್ಮವರು ಹೋಗಿ ನೋಡಿದರು. ಅವರು ಹೋದಾಗ ಅದೇ ಅಂಗಳದಲ್ಲಿ ಗಾಡಿ ಚೆನ್ನಾಗಿ ತಗ್ಗಿತು! "ಗಾಡಿಗೆ ನಿಮ್ಮ ಹೆದರಿಕೆ ಉಂಟು ಮೆಕ್ಯಾನಿಕರೇ" ಎಂದರಂತೆ ಲಾರೆನ್ಸ್. ನಮ್ಮವರು ವಾಪಸು ಬಂದ ಮೇಲೆ, ಆಸ್ಪತ್ರೆಗೆ ಹೊರಡುವ ದಿನ, ಪುನಃ ಇಲ್ಲ. ಅದೇ ದಿನ ಬಂದದ್ದು ಆ ಫೋನು.

ಬೈಕಿನಲ್ಲಿ ಹೋದೆವು. ಮಳೆ ಬಿಟ್ಟಿತ್ತು, ಅದೊಂದು ದಯೆ. ಏರು ಹತ್ತಿ ಅಂಗಳಕ್ಕೆ ಬಂದಾಗ ಗಾಡಿ ಮನೆಯ ಮೆಟ್ಟಿಲ ಎದುರು ಎತ್ತರಕ್ಕೆ ನಿಂತಿತ್ತು. ಕಪ್ಪು ಬಣ್ಣ, ಮಳೆಹನಿ ಮೈಮೇಲೆ. ಲಾರೆನ್ಸ್ ಗೇಟಿನ ಹತ್ತಿರ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು, ತಪ್ಪು ತನ್ನದೇ ಎಂಬ ಹಾಗೆ.

"ಅಂಗಳಕ್ಕೆ ವಾಟ ಉಂಟಲ್ಲ, ಅದರಿಂದ ಹೀಗೆ ಮಾಡ್ತದಾ ಅಂತ ನನಗೆ ಸಂಶಯ" ಎಂದರು ನಮ್ಮವರು. ಒಳಗೆ ಕುಳಿತು ಗುಂಡಿ ಒತ್ತಿದರು. ಗಾಡಿ ಉಸಿರು ಬಿಟ್ಟು ಮೆಲ್ಲಗೆ ಇಳಿಯಿತು. ವಾಟದಿಂದಲ್ಲ. ಅವರು ಹಣೆ ಒತ್ತಿಕೊಂಡರು. "ಹೇಗೆ ಮಾಡ್ತೀರಿ ನೀವು?" ಎಂದು ಲಾರೆನ್ಸನ್ನು ಕೇಳಿದರು.

"ಗುಂಡಿ ಒತ್ತುವುದು. ಮತ್ತೆಂತ ಉಂಟು ಅದರಲ್ಲಿ?"

"ಒತ್ತುವುದು ನೀವಾ?"

"ನಾನಲ್ಲ, ರುಬೀನಾ ಅವರು."

ನಮ್ಮವರು ಗಾಡಿಯನ್ನು ಪುನಃ ಎತ್ತಿದರು. "ಇವತ್ತು ಬೆಳಿಗ್ಗೆ ಹೇಗೆ ಮಾಡಿದ್ರೋ ಹಾಗೆಯೇ ಸುರುವಿನಿಂದ ಮಾಡುವ" ಎಂದರು.

ನಾನು ಒಳಗೆ ಹೋದೆ. ಆಸಿಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಾಲಿನ ಬಳಿ ಕುಳಿತೆ. ಪಾದ ಊದಿ ಹೊಳೆಯುತ್ತಿತ್ತು. ಬೆರಳು ಒತ್ತಿದರೆ ಗುಂಡಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಯಾರು, ಮೆಕ್ಯಾನಿಕನ ಹೆಂಡತಿಯಾ?"

"ಹೌದು. ಗಿರಿಜ."

"ನಿನ್ನ ಗಂಡನಿಗೆ ಬೈಯುವುದು ಬೇಡ ಅಂತ ಹೇಳು ರುಬೀನಾಳಿಗೆ. ಗಾಡಿಗೂ ಬೈಯುವುದು ಬೇಡ. ಅಲ್ಲಾಹನು ಸಾಕು ಅಂದರೆ ಸಾಕು."

"ಅವನು ಸಾಕು ಅಂದನಾ, ನೀವು ಅಂದದ್ದಾ?"

ಅವರು ತಿರುಗಿ ನೋಡಿದರು. ಊದಿದ ಮುಖದಲ್ಲಿ ಕಣ್ಣು ಸಣ್ಣದಾಗಿತ್ತು, ಆದರೆ ಚುರುಕು. "ಬಾಯಿ ಉಂಟು ನಿನಗೆ" ಎಂದರು.

"ನಿಮ್ಮ ಮಗ ಇರುವಾಗ ಗಾಡಿ ತಗ್ಗುತ್ತಿತ್ತಲ್ಲ?"

"ಅವನು ಬಂದರೆ ಅಂಗಳದಲ್ಲಿಯೇ ತಗ್ಗಿಕೊಂಡು ಬರುತ್ತಿತ್ತು. ಕಟ್ಟಿದ ದನ ಯಜಮಾನನನ್ನು ಕಂಡ ಹಾಗೆ. ಅವನು ಹೋದ ಮೇಲೆ ಅದಕ್ಕೂ ಬೇಸರ."

"ಒಂದೇ ಒಂದು ಸಲ ಬನ್ನಿ. ನಾನು ಇದ್ದೇನೆ. ಆಗದಿದ್ದರೆ ನಾನು ಮತ್ತು ರುಬೀನಾ ನಿಮ್ಮನ್ನು ವಾಪಸು ತಂದು ಮಲಗಿಸುತ್ತೇವೆ, ಮತ್ತೆ ಕೇಳುವುದಿಲ್ಲ."

ಆಸಿಯಮ್ಮ ಮೊಣಕೈ ಊರಿ ಎದ್ದು ಕುಳಿತರು. ಆಮೇಲೆ ಬುರ್ಖಾಕ್ಕೆ ಕೈ ಚಾಚಿದರು. ನನ್ನ ಹೆಗಲು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಜಗಲಿಗೆ ಬಂದರು. ಅವರ ಭಾರ ನನ್ನ ಹೆಗಲಿಗೆ ಬಂದಾಗ ನಾನು ಕೊಟ್ಟ ಮಾತು ನೆನಪಾಯಿತು. ಆಗದಿದ್ದರೆ ಮತ್ತೆ ಕೇಳುವುದಿಲ್ಲ ಎಂದು ಬಾಯಿ ತಪ್ಪಿ ಹೇಳಿಬಿಟ್ಟಿದ್ದೆನಲ್ಲ. ಮಂಜುನಾಥ ಸ್ವಾಮಿಗೆ ಮನಸ್ಸಿನಲ್ಲಿಯೇ ಒಂದು ತೆಂಗಿನಕಾಯಿ ಹೇಳಿಕೊಂಡೆ.

ಈಗ ನೋಡಿ, ಅಂಗಳದಲ್ಲಿ ಆದದ್ದು ಇಷ್ಟು. ಆಸಿಯಮ್ಮನ ನೆರಳು ಬಾಗಿಲಲ್ಲಿ ಕಂಡದ್ದೇ ತಡ, ಲಾರೆನ್ಸ್ ಓಡಿ ಬಂದು ಗಾಡಿಯ ಹಿಂದಿನ ಬಾಗಿಲನ್ನು ಅಗಲಕ್ಕೆ ತೆರೆದು ಇಟ್ಟರು. ಇಂಜಿನು ಓಡುತ್ತಾ ಇತ್ತು. ಬಾಗಿಲು ತೆರೆದವರೇ ತಲೆ ತಗ್ಗಿಸಿಕೊಂಡು ಗೇಟಿನ ಹತ್ತಿರ ಹೋಗಿ, ರಸ್ತೆಯ ಕಡೆ ಮುಖ ಮಾಡಿ ನಿಂತರು. ಹೆಂಗಸರು ಹತ್ತುವಾಗ ನೋಡುತ್ತಾ ನಿಲ್ಲಬಾರದಲ್ಲ. ನಮ್ಮವರೂ ಅವರ ಪಕ್ಕ ಹೋಗಿ ಬೆನ್ನು ಹಾಕಿ ನಿಂತರು. ಹಿಂದಿನ ಸಲವೂ ಲಾರೆನ್ಸ್ ಹೀಗೆಯೇ ನಿಂತಿದ್ದರಂತೆ. ರುಬೀನಾ ಗಾಡಿಯ ಮುಂದಿನ ಬಾಗಿಲು ತೆರೆದು, ಹೊಟ್ಟೆ ಹಿಡಿದುಕೊಂಡು ಒಳಗೆ ಬಗ್ಗಿ ಗುಂಡಿ ಒತ್ತಿದಳು.

ನಾನು ಕಣ್ಣು ಮುಚ್ಚಿದೆ. ಅಭ್ಯಾಸ.

ಏನೂ ಕೇಳಲಿಲ್ಲ. ಸುಯ್ ಇಲ್ಲ, ಚಿಟಿಚಿಟಿ ಇಲ್ಲ, ಕಂಪ್ರೆಸರಿನ ಏದುಸಿರು ಇಲ್ಲ. ವಾಲ್ವು ತೆರೆಯುವ ಸಣ್ಣ ಟಕ್ ಕೂಡ ಇಲ್ಲ. ಒಳಗಿನಿಂದ ಒಂದು ಗಂಟೆ ಮಾತ್ರ ಟಿಂಗ್ ಎಂದಿತು. ಕಾಯಿಲೆ ಬಿದ್ದ ಗಾಡಿ ಎಷ್ಟೋ ನೋಡಿದ್ದೇನೆ, ಅವು ಪ್ರಯತ್ನ ಮಾಡಿ ಸೋಲುತ್ತವೆ, ಸೋಲುವಾಗ ಸದ್ದು ಮಾಡುತ್ತವೆ. ಇದು ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಯಾರನ್ನೋ ಕಾಯುತ್ತಾ ನಿಂತ ಹಾಗೆ ಇತ್ತು.

"ಕಂಡೆಯಾ?" ಎಂದರು ಆಸಿಯಮ್ಮ.

ಕಣ್ಣು ಬಿಟ್ಟೆ. ಎದುರಿನಲ್ಲಿ ಎರಡು ಬಾಗಿಲು ರೆಕ್ಕೆಯ ಹಾಗೆ ತೆರೆದಿದ್ದವು. ಬಾಗಿಲೆಲ್ಲ ಮುಚ್ಚಿದೆಯಾ ನೋಡು ಎಂದು ಅಳೆಯುವ ಮೊದಲು ಪ್ರತಿ ಸಲ ನಮ್ಮವರು ನನಗೆ ಹೇಳುವ ಮಾತು ಆಗ ನೆನಪಾಯಿತು.

"ರುಬೀನಾ, ನೀನು ಒಳಗೆ ಕೂತು ನಿನ್ನ ಬಾಗಿಲು ಹಾಕಿಕೋ" ಎಂದೆ. ಆಸಿಯಮ್ಮನನ್ನು ಜಗಲಿಯ ಕಂಬಕ್ಕೆ ಒರಗಿಸಿ, ಇಳಿದು ಹೋಗಿ ಹಿಂದಿನ ಬಾಗಿಲನ್ನು ಮುಚ್ಚಿದೆ.

"ಬಾಗಿಲು ಮುಚ್ಚಿದರೆ ನಾನು ಹತ್ತುವುದು ಹೇಗೆ? ಕಿಟಕಿಯಲ್ಲಾ?" ಎಂದರು ಆಸಿಯಮ್ಮ.

"ಈಗ ಒತ್ತು" ಎಂದೆ ರುಬೀನಾಳಿಗೆ.

ಟಕ್. ಆಮೇಲೆ ಆ ಉಸಿರು. ದೀರ್ಘವಾಗಿ, ಸಮಾಧಾನವಾಗಿ. ಅಷ್ಟು ದೊಡ್ಡ ಗಾಡಿ ಹಿಂದೆ ಮುಂದೆ ಒಂದೇ ಸಮನೆ ಬಗ್ಗಿತು, ಮೈಮೇಲಿನ ಮಳೆಹನಿಗಳು ಜಾರಿ ಬಿದ್ದವು. ನಿಂತಿತು. ನಾನು ಬಾಗಿಲು ತೆರೆದೆ. ಒಳಗಿನ ಸೀಟು ಈಗ ಜಗಲಿಯ ಕುರ್ಚಿಯಷ್ಟೇ ಎತ್ತರದಲ್ಲಿತ್ತು.

ಗೇಟಿನ ಹತ್ತಿರದ ಇಬ್ಬರೂ ಇನ್ನೂ ಬೆನ್ನು ಹಾಕಿಯೇ ನಿಂತಿದ್ದರು.

"ಇಷ್ಟೇನಾ?" ಎಂದರು ಆಸಿಯಮ್ಮ. "ನನಗೆ ಅಂತ ಬಾಗಿಲು ತೆರೆದು ಇಟ್ಟದ್ದೇ ಹೆಚ್ಚಾಯಿತಾ?"

"ಬಾಗಿಲು ತೆರೆದರೆ ಯಾರೋ ಹತ್ತುತ್ತಾ ಇದ್ದಾರೆ ಅಂತ ಅದು ಅಲ್ಲಾಡುವುದಿಲ್ಲ ಮಾಮಿ. ಒಂದು ಕಾಲು ಒಳಗೆ, ಒಂದು ಹೊರಗೆ ಇರುವಾಗ ಗಾಡಿ ಇಳಿದರೆ ಬೀಳುವುದಿಲ್ಲವಾ?"

ಅವರು ಗಾಡಿಯನ್ನು ನೋಡಿದರು. ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿಗೋ ಹೋಗಿತ್ತು. "ಹಾಗಾದರೆ ಅದು ನನ್ನನ್ನು ಬೀಳಿಸಬಾರದು ಅಂತ ನಿಂತದ್ದು" ಎಂದರು. "ಪಾಪ, ನಾವು ಅದಕ್ಕೆ ಬೈದೆವು."

ನನಗೂ ಅದೇ ಯೋಚನೆ. ಎಲ್ಲಿಯೋ ದೂರದ ದೇಶದಲ್ಲಿ, ನಮ್ಮ ಗುಡ್ಡವನ್ನು ಕಾಣದ ಯಾರೋ ಒಬ್ಬರು, ಬಾಗಿಲಿಗೂ ನೆಲಕ್ಕೂ ನಡುವೆ ಇರುವ ಒಂದು ಮುದಿ ಕಾಲನ್ನು ಯೋಚಿಸಿ ಇದನ್ನು ಮಾಡಿಟ್ಟಿದ್ದಾರೆ. ಅವರಿಗೆ ಆ ಬುದ್ಧಿ ಕೊಟ್ಟವನು ಯಾರು? ಅವನನ್ನು ಆಸಿಯಮ್ಮ ಒಂದು ಹೆಸರಿನಿಂದ ಕರೆಯುತ್ತಾರೆ, ನಾನು ಇನ್ನೊಂದು ಹೆಸರಿನಿಂದ.

ಅವರು ನನ್ನ ಹೆಗಲನ್ನು ಬಿಟ್ಟರು. "ಬಿಸ್ಮಿಲ್ಲಾ" ಎಂದು ಹೇಳಿ, ಸೀಟಿಗೆ ಬೆನ್ನು ತಿರುಗಿಸಿ ತಾವೇ ಕುಳಿತರು. ಎಡಗಾಲನ್ನು ಎರಡು ಕೈಯಿಂದ ಎತ್ತಿ ಒಳಗೆ ಇಟ್ಟರು, ಆಮೇಲೆ ಬಲಗಾಲನ್ನು. ಯಾರೂ ಮುಟ್ಟಲಿಲ್ಲ. ಬುರ್ಖಾದ ಅಂಚು ಸರಿಮಾಡಿಕೊಂಡು, ಗೇಟಿನ ಕಡೆ ಕೂಗಿದರು. "ಲಾರೆನ್ಸ್, ಬಾ ಮಗಾ. ಆಯಿತು."

ನಮ್ಮವರು ತಿರುಗಿದಾಗ ಆಸಿಯಮ್ಮ ಗಾಡಿಯ ಒಳಗೆ ಇದ್ದರು. ಅವರ ಬಾಯಿ ತೆರೆದೇ ಉಳಿಯಿತು. ನಾನು ಬಾಗಿಲಿನ ಕಡೆ ಬೆರಳು ತೋರಿಸಿದೆ. ಅಷ್ಟೇ ಸಾಕಾಯಿತು. ತಲೆಗೆ ಕೈ ಹೊತ್ತರು. "ಅಯ್ಯೋ, ಇದು ಪುಸ್ತಕದಲ್ಲಿಯೇ ಉಂಟಲ್ಲ ಮಾರಾಯ್ತಿ! ನಾನು ಎಷ್ಟು ಸಲ ಓದಿದ್ದೇನೆ! ಬಾಗಿಲು ಮೊದಲು ತೆರೀತಾರೆ ಅಂತ ನನಗೆ ಗೊತ್ತೇ ಇಲ್ಲ."

"ನೀವಿಬ್ಬರೂ ರಸ್ತೆ ನೋಡುತ್ತಾ ನಿಂತರೆ ಗೊತ್ತಾಗುವುದು ಹೇಗೆ?"

"ಮತ್ತೆ ಹೆಂಗಸರು ಹತ್ತುವಾಗ ಕಣ್ಣು ಬಿಟ್ಟು ನೋಡಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಅದೇ ತೊಡಕು. ಲಾರೆನ್ಸ್ ಮಾಡಿದ್ದು ಮರ್ಯಾದೆ, ನಮ್ಮವರು ಮಾಡಿದ್ದೂ ಮರ್ಯಾದೆ, ಗಾಡಿ ಮಾಡಿದ್ದೂ ಅದೇ. ಮೂವರ ಮರ್ಯಾದೆ ಸೇರಿ ಒಬ್ಬ ಹೆಂಗಸನ್ನು ಮನೆಯಲ್ಲಿ ಮಲಗಿಸಿತ್ತು. ನಮ್ಮವರು ಒತ್ತಿದ್ದು ಒಳಗೆ ಕುಳಿತು, ಬಾಗಿಲು ಹಾಕಿಕೊಂಡು. ಮಗ ಇರುವಾಗ ಬಾಗಿಲು ಮುಚ್ಚಿಕೊಂಡು ಓಡಿಸುತ್ತಲೇ ಗುಂಡಿ ಒತ್ತಿ ತಗ್ಗಿಸುತ್ತಿದ್ದ. ಗಾಡಿಗೆ ಅವನ ನೆನಪೂ ಇರಲಿಲ್ಲ, ಬೇಸರವೂ ಇರಲಿಲ್ಲ.

"ಇನ್ನು ಮೆಟ್ಟಿಲ ಹತ್ತಿರ ಬಂದು, ಮೊದಲು ಗುಂಡಿ ಒತ್ತಿ ತಗ್ಗಿಸಿ. ಆಮೇಲೆ ಬಾಗಿಲು ತೆರೆದು ಎಲ್ಲಿ ಬೇಕಾದರೂ ಹೋಗಿ ನಿಲ್ಲಿ" ಎಂದು ನಮ್ಮವರು ಹೇಳಿಕೊಟ್ಟರು.

ಲಾರೆನ್ಸ್ ತಲೆಯಾಡಿಸಿದರು. ಕಣ್ಣು ಒರೆಸಿಕೊಂಡರು ಎಂದು ಕಾಣುತ್ತದೆ, ನಾನು ಸರಿಯಾಗಿ ನೋಡಲಿಲ್ಲ. ಬಾಗಿಲುಗಳು ಮುಚ್ಚಿದವು. ಗಾಡಿ ನಿಧಾನವಾಗಿ ಎದ್ದು ನಿಂತು, ಆ ಕೆಟ್ಟ ಇಳಿಜಾರಿನಲ್ಲಿ ಮೈ ಕುಲುಕಿಸದೆ ಇಳಿದು ಹೋಯಿತು. ಕಿಟಕಿಯಲ್ಲಿ ಆಸಿಯಮ್ಮನ ಕೈ ಕಂಡಿತು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇದೊಂದನ್ನು. ಗಾಡಿಯನ್ನು ಗ್ಯಾರೇಜಿನಲ್ಲಿ ಮಾತ್ರ ನೋಡಬೇಡಿ. ಅದು ಯಾರ ಮನೆಯದೋ ಅವರ ಅಂಗಳದಲ್ಲಿ, ಅವರು ಹತ್ತುವ ಹೊತ್ತಿಗೆ, ಅವರು ಹತ್ತುವ ರೀತಿಯಲ್ಲಿ ನೋಡಿ. ನೀವು ನೋಡಬಾರದ ಕಡೆಯಾದರೆ ನೋಡಬಹುದಾದವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ. ನಮ್ಮ ಮಗಳು ಈಗ ಗಾಡಿ ಬಿಟ್ಟುಹೋಗುವವರಿಗೆ ಮೊದಲು ಹೇಳುವ ಮಾತೇ, "ನೀವು ಮನೆಯಲ್ಲಿ ಹೇಗೆ ಮಾಡ್ತೀರೋ ಹಾಗೆ ಒಮ್ಮೆ ಮಾಡಿ ತೋರಿಸಿ." ಕೆಲವರು ನಗುತ್ತಾರೆ. ಆದರೂ ತೋರಿಸುತ್ತಾರೆ.

ಹಿಂದೆ ಬರುವಾಗ ಗುರುವಾಯನಕೆರೆಯ ಅಂಗಡಿಯಲ್ಲಿ ನಮ್ಮವರಿಗೆ ಬೇಕಾದ ಸಾಮಾನು ಹುಡುಕುತ್ತಾ ಬಹಳ ಹೊತ್ತು ಹೋಯಿತು, ಮಡಂತ್ಯಾರು ಮುಟ್ಟುವ ಮೊದಲೇ ರುಬೀನಾಳ ಫೋನು ಬಂತು. ಮೂಡುಬಿದಿರೆಗೆ ಮುಟ್ಟಿದ್ದರು. ಅಲ್ಲಿ ಲಾರೆನ್ಸ್ ಮೊದಲು ಗಾಡಿ ತಗ್ಗಿಸಿ, ಆಮೇಲೆ ಬಾಗಿಲು ತೆರೆದು, ಆಸ್ಪತ್ರೆಯ ಗೋಡೆಯ ಕಡೆ ಮುಖ ಮಾಡಿ ನಿಂತರಂತೆ. ಮಾಮಿ ತಾವೇ ಇಳಿದರಂತೆ. "ಸೂಜಿ ಹಾಕಿ ಆಯಿತು ಗಿರಿಜಕ್ಕ, ಈಗ ನಿದ್ದೆ ಬಂದಿದೆ ಅವರಿಗೆ" ಎಂದಳು. ಈ ಸಲ ಅತ್ತಳು. ನಾನು ಸುಮ್ಮನೆ ಕೇಳಿಸಿಕೊಂಡೆ.

ಮನೆಗೆ ಬಂದು ಕಾಲು ತೊಳೆದು, ಹೇಳಿಕೊಂಡ ತೆಂಗಿನಕಾಯಿಯನ್ನು ದೇವರ ಎದುರು ತೆಗೆದಿಟ್ಟೆ, ಧರ್ಮಸ್ಥಳಕ್ಕೆ ಹೋಗುವ ದಿನಕ್ಕೆಂದು. ಅಡುಗೆಮನೆಯಲ್ಲಿ ಎಲ್ಲ ಬಿಟ್ಟುಹೋದ ಹಾಗೆಯೇ ಇತ್ತು. ಎಲೆಗಳು ಸ್ವಲ್ಪ ಬಾಡಿದ್ದವು, ಬಾಡಿದರೆ ಸುರುಳಿ ಸುತ್ತಲು ಇನ್ನೂ ಸುಲಭ. ತಟ್ಟೆ ತೆಗೆದು ಹಿಟ್ಟನ್ನು ಮೂಸಿ ನೋಡಿದೆ, ಹುಳಿ ಹೋಗಿರಲಿಲ್ಲ. ಮಣೆ ಎಳೆದುಕೊಂಡು ಕುಳಿತು, ಮೂರನೆಯ ಸುರುಳಿಗೆ ದೊಡ್ಡ ಎಲೆಯೊಂದನ್ನು ಕವುಚಿ ಹಾಸಿದೆ.